ಫಿಲ್ಟರ್ ತೊಳೀರಿ, ಆಮೇಲೆ ಚಹಾ

ಮಷಿನ್ ಕೆಟ್ಟಿದೆ ಎಂದು ಫೋನ್ ಬಂದರೆ ಮಷಿನ್ ಕೆಟ್ಟಿರುವುದಿಲ್ಲ, ಫಿಲ್ಟರ್ ತೊಳೆದಿರುವುದಿಲ್ಲ. ಇದು ಎಷ್ಟು ಸಲ ಆಗಿದೆಯೆಂದರೆ, ಈಗ ನಾನು ಫೋನ್ ಎತ್ತಿದ ಕೂಡಲೇ ಯಾರು ಏನು ಎಂದು ಕೇಳದೆ, "ಫಿಲ್ಟರ್ ಯಾವಾಗ ತೊಳದ್ರಿ?" ಎಂದೇ ಶುರು ಮಾಡುತ್ತೇನೆ. ಒಮ್ಮೆ ಹಾಗೆ ಕೇಳಿದ್ದು ಬ್ಯಾಂಕಿನ ಮ್ಯಾನೇಜರಿಗೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ನೆನಪಿಲ್ರಿ" ಅಂದರು.

ನವಲಗುಂದದ ಒಂದು ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ ನನ್ನ ಕೆಲಸ. ಜಮಖಾನ ತೊಳೆಯುವ ಮಷಿನ್ ಕೊಂಡವರ ಮನೆಗೆ ಹೋಗಿ ಅದನ್ನು ನೋಡಿಕೊಳ್ಳುವುದು. ಮಷಿನ್ ಒಂದು ಕೊಡದಷ್ಟು ದೊಡ್ಡದು. ಒಂದು ಡಬ್ಬಿಯಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಹೊಲಸು ನೀರು. ಜಮಖಾನದ ಮೇಲೆ ನೀರು ಬಿಟ್ಟು ಹೊಲಸಿನ ಸಮೇತ ಹೀರಿಕೊಳ್ಳುತ್ತದೆ. ಆ ಹೊಲಸು ಮೋಟಾರಿಗೆ ಹೋಗದ ಹಾಗೆ ನಡುವೆ ಅಂಗೈ ಅಗಲದ ಸ್ಪಂಜಿನ ಫಿಲ್ಟರ್ ಇದೆ. ನಮ್ಮದು ಎರಿ ಸೀಮೆ. ಇಲ್ಲಿಯ ಕರಿ ಮಣ್ಣು ಒಮ್ಮೆ ಹಸಿಯಾಗಿ ಹಿಡಿಯಿತೆಂದರೆ ಚಪ್ಪಲಿಯನ್ನೇ ಬಿಡುವುದಿಲ್ಲ, ಸ್ಪಂಜನ್ನು ಬಿಡುತ್ತದೆಯೆ?

ಎಂಟು ವರ್ಷ ನಾನು ಕೌಂಟರಿನ ಹಿಂದೆ ನಿಂತು ಕುಕ್ಕರಿನ ಗ್ಯಾಸ್ಕೆಟ್ ಮಾರಿದವಳು. ಬೇಡಿ ಬೇಡಿ ಈ ತಿರುಗಾಟದ ಕೆಲಸ ಪಡೆದೆ. ಶ್ರಾವಣದ ಹೊತ್ತಿಗೆ ಮೂರು ಮಷಿನ್ ಅಂಗಡಿಗೆ ವಾಪಸ್ ಬಂದವು. ಮೂರರಲ್ಲೂ ದೋಷವಿಲ್ಲ, ಫಿಲ್ಟರಿನಲ್ಲಿ ಮಾತ್ರ ಜೋಳ ಬಿತ್ತಬಹುದಾಗಿತ್ತು. ಅಂಗಡಿಯ ಸಾವ್ಕಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡ್ರಿ ಬಾಯಾರ, ಯುಗಾದಿ ತನಕಾ ನೋಡತೇನಿ. ಇನ್ನೊಂದ ಮಷಿನ್ ಹೊಳ್ಳಿ ಬಂತಂದ್ರ, ನೀವೂ ಹೊಳ್ಳಿ ಕೌಂಟರಿಗೆ."

ನನಗೆ ಕೌಂಟರ್ ಬೇಡವಾಗಿತ್ತು. ಬಸ್ಸು, ಹಳ್ಳಿ, ಮನೆ ಮನೆಯ ಪಡಸಾಲೆ, ಇದೇ ನನಗೆ ಬೇಕಾಗಿತ್ತು. ನಾಲ್ಕನೆಯ ಮಷಿನ್ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದು ಅವತ್ತೇ ಹಟ ಹಿಡಿದೆ. ಒಂದು ನಿಯಮವನ್ನೂ ಮಾಡಿಕೊಂಡೆ. ಯಾರ ಮನೆಗೇ ಹೋಗಲಿ, ಅವರು ನನ್ನ ಕಣ್ಣ ಮುಂದೆ ಫಿಲ್ಟರ್ ತೊಳೆಯುವ ತನಕ ನಾನು ಅವರ ಚಹಾ ಮುಟ್ಟುವುದಿಲ್ಲ. ನಮ್ಮ ಕಡೆ ಮನೆಗೆ ಬಂದವರು ಚಹಾ ಬೇಡವೆಂದರೆ ಮನೆಯವರಿಗೆ ಹೊಡೆದಷ್ಟೇ ನೋವು. ಆದ್ದರಿಂದ ಎಲ್ಲರೂ ತೊಳೆದರು. ಹೇಗೆ ತೊಳೆದರು ಅನ್ನುವುದೇ ಕತೆ.

ಬಡಿದು ತೊಳೆದದ್ದು

ಮೊದಲು ಹೋದದ್ದು ಯರಗುಪ್ಪಿಯ ಒಂದು ಮನೆಗೆ. ಆ ಮನೆಯ ಸೊಸೆ ಫೋನ್ ಮಾಡಿ, "ಅಕ್ಕಾರ, ಮಷಿನ್ ನೊರಿ ಕಾರಾಕ ಹತ್ತೇತ್ರಿ" ಅಂದಿದ್ದಳು. ಹೋಗಿ ನೋಡಿದರೆ ಪಡಸಾಲೆಯಲ್ಲಿ ಮೊಣಕಾಲುದ್ದ ನೊರೆ. ಅದರ ನಡುವೆ ಎರಡು ಮಕ್ಕಳು ಮುಳುಗಿ ಏಳುತ್ತಿದ್ದವು.

ಅತ್ತೆ ಕಟ್ಟೆಯ ಮೇಲೆ ಸೆಟೆದು ಕೂತಿದ್ದರು. "ನೀವು ತೊಳೀರಿ ಅಂದಿದ್ರಿ, ತೊಳದೇನಿ. ಇನ್ನೇನ ಮಾಡಬೇಕು?"

"ಹೆಂಗ ತೊಳದ್ರಿ ಅವ್ವಾರ?"

"ಎಲ್ಲಾರೂ ಹೆಂಗ ತೊಳೀತಾರ? ರಾತ್ರಿ ಸೋಪಿನ ಪುಡಿಯಾಗ ನೆನಿ ಇಟ್ಟೆ. ಮುಂಜಾನೆ ಕಲ್ಲಿಗೆ ಹಾಕಿ ಬಡದೆ, ಹಿಂಡಿದೆ, ಕಡೀಕ ಒಂದೀಟು ನೀಲಿ ಹಾಕಿದೆ."

ಸ್ಪಂಜನ್ನು ಕೈಯಲ್ಲಿ ಹಿಡಿದೆ. ಅದು ಈಗ ಚಪಾತಿಯಷ್ಟು ತೆಳ್ಳಗಿತ್ತು, ಆಕಾಶದಷ್ಟು ನೀಲಿಯಾಗಿತ್ತು. ಸೋಪು ಹಾಕಬಾರದು, ಬಡಿಯಬಾರದು, ಹಿಂಡಬಾರದು, ಬರೀ ತಣ್ಣೀರಿನಲ್ಲಿ ಮೆಲ್ಲಗೆ ಒತ್ತಿ ತೊಳೆದು ನೆರಳಿನಲ್ಲಿ ಒಂದು ದಿನ ಒಣಗಿಸಬೇಕು ಎಂದು ಬಿಡಿಸಿ ಹೇಳಿದೆ. ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು. ಬರೀ ನೀರಿನಲ್ಲಿ ತೊಳೆಯುವವಳ ಮನೆ ಎಷ್ಟು ಹೊಲಸಿರಬೇಕು ಎಂದು ಅವರು ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

ಹನ್ನೊಂದು ಕೊಡ ನೀರಿನಲ್ಲಿ ಮಷಿನಿನ ಹೊಟ್ಟೆಯ ಸೋಪು ಇಳಿಸಿದೆ. ಚೀಲದಿಂದ ಹೊಸ ಸ್ಪಂಜ್ ತೆಗೆದು ಹಾಕಿದೆ. ಮಷಿನ್ ಉಳಿಯಿತು. ಹೊರಡುವಾಗ ಸೊಸೆ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದಳು.

"ನಿಮ್ಮ ಫಿಲ್ಟರ್ ಅಂಗಡ್ಯಾಗ ಹೊಸಾದು ಸಿಗತೈತ್ರಿ ಅಕ್ಕಾರ. ನನ್ನ ಮದವಿ ರೇಷ್ಮಿ ಸೀರಿನೂ ಹಿಂಗ ತೊಳದಾರ. ಅದೆಲ್ಲಿ ಸಿಗತೈತಿ ಹೇಳ್ರಿ."

ವಿಭೂತಿ ಬಿದ್ದ ಫಿಲ್ಟರ್

ದಸರಾ ಮುಗಿದ ವಾರ ಅಣ್ಣಿಗೇರಿಯ ಒಬ್ಬ ಮಾಸ್ತರರ ಮನೆಯಿಂದ ಕರೆ ಬಂತು. ಮಷಿನ್ ಹೀರುತ್ತಿಲ್ಲ, ವಾಪಸ್ ತರುತ್ತೇವೆ ಎಂದರು. "ಅಲ್ಲೇ ಇರ್ರಿ, ನಾನ ಬರತೇನಿ" ಎಂದು ಮುಂದಿನ ಬಸ್ಸಿಗೇ ಹತ್ತಿದೆ.

ಮಷಿನಿನ ಮೇಲೆ ಚೆಂಡು ಹೂವಿನ ಮಾಲೆ ಇನ್ನೂ ಇತ್ತು. ಆಯುಧ ಪೂಜೆಯ ದಿನ ಮಾಸ್ತರರು ಸ್ಕೂಟರ್, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ ಎಲ್ಲದರ ಜೊತೆ ಇದಕ್ಕೂ ಪೂಜೆ ಮಾಡಿದ್ದರು. ಮೇಲೆ ಮಾಡಿದ್ದರೆ ನಡೆಯುತ್ತಿತ್ತು. ಆದರೆ ಮಷಿನಿನ ಮುಖ್ಯ ಅಂಗ ಫಿಲ್ಟರ್ ಎಂದು ನಾನೇ ಹಿಂದಿನ ಸಲ ಪಾಠ ಮಾಡಿ ಬಂದಿದ್ದೆ. ಮಾಸ್ತರರು ಪಾಠ ಮರೆಯುವವರಲ್ಲ. ಮುಚ್ಚಳ ತೆಗೆದು ಸ್ಪಂಜಿಗೇ ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆದ ನೀರು ಬಿಟ್ಟಿದ್ದರು. ಅದೆಲ್ಲ ಸೇರಿ ಗಾರೆಯ ಹಾಗೆ ಗಟ್ಟಿಯಾಗಿತ್ತು.

"ತೊಳಿಯೂಣ್ರಿ" ಅಂದೆ.

ಮಾಸ್ತರರು ಹಿಂದೆ ಸರಿದರು. "ಪೂಜಾ ಆದ ವಸ್ತು ಬಚ್ಚಲದಾಗ ಹೆಂಗ ತೊಳೀಲಿ? ಪಾಪ ಬರತೈತಿ."

"ತೊಳೀಲಿಲ್ಲಂದ್ರ ಮಷಿನ್ ನಡಿಯಾಂಗಿಲ್ರಿ."

"ನಡೀಲಿಲ್ಲಂದ್ರ ವಾಪಸ್ ತಗೊಂಡ ಹೋಗ್ರಿ."

ಅವರ ಹೆಂಡತಿ ಚಹಾ ತಂದಿಟ್ಟರು. ನಾನು ಮುಟ್ಟಲಿಲ್ಲ. ಅದರ ಮೇಲೆ ಕೆನೆ ಕಟ್ಟಿತು. ಕೊನೆಗೆ ನಾನೇ ಎದ್ದು, ಅದೇ ಓಣಿಯ ತುದಿಯಲ್ಲಿದ್ದ ಅಯ್ಯನವರ ಮನೆಗೆ ಹೋಗಿ, ಪೂಜೆಗೆ ಬರುವ ಆ ಹಿರಿಯರನ್ನು ಕರೆದುಕೊಂಡೇ ಬಂದೆ. ಅಯ್ಯನವರು ಕೂತು, ಎಲ್ಲ ಕೇಳಿ, ಮಾಸ್ತರರ ಕಡೆ ತಿರುಗಿದರು.

"ನಿನ್ನ ಹಣಿಗೂ ದಿನಾ ವಿಭೂತಿ ಹಚ್ಚಿಕೋತೀಯಲ್ಲೋ ಮಾಸ್ತರ. ಮರದಿನ ಮಾರಿ ತೊಳಕೋತೀಯೋ ಇಲ್ಲೋ?"

ಮಾಸ್ತರರು ಸ್ಪಂಜ್ ಹಿಡಿದು ಬಚ್ಚಲಿಗೆ ನಡೆದರು. ತೊಳೆದರು. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡು ಕಪ್ಪು ಚಹಾ ಕುಡಿದೆ. ಅಯ್ಯನವರು ಮಾತ್ರ ಏಳಲಿಲ್ಲ. ಮಾಸ್ತರರು ಒಳಗೆ ಹೋದದ್ದು ನೋಡಿ ನನ್ನ ಕಡೆ ಸರಿದರು.

"ತಂಗಿ, ಇಂಥಾದ್ದೊಂದು ನಮ್ಮ ಮನ್ಯಾಗೂ ಐತಿ. ಎರಡು ವರ್ಷ ಆತು. ಮುಚ್ಚಳಾ ಯಾವ ಕಡೆ ತಿರುವಬೇಕು?"

ಹೊಸದು ಹೊಸದರ ಹಾಗೇ ಇರಲಿ

ದುಮ್ಮವಾಡದಲ್ಲಿ ನಮ್ಮ ಸಾವ್ಕಾರರ ಬೀಗರ ಮನೆ. ಬೀಗರ ಮಷಿನೇ ವಾಪಸ್ ಬಂದರೆ ನನ್ನ ಗತಿ ಹೇಳಬೇಕಾಗಿಲ್ಲ. ಅಲ್ಲಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಸುದ್ದಿ ಬಂದ ದಿನ ನಾನು ಊಟ ಬಿಟ್ಟು ಎರಡು ಬಸ್ ಬದಲಿಸಿ ಹೋದೆ.

ಮನೆ ಕನ್ನಡಿಯ ಹಾಗಿತ್ತು. ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಟೀವಿ ರಿಮೋಟಿಗೂ ಪ್ಲಾಸ್ಟಿಕ್. ಆ ಮನೆಯ ಯಜಮಾನತಿಯ ಸ್ವಭಾವ ನನಗೆ ಅಲ್ಲೇ ಅರ್ಥವಾಗಬೇಕಾಗಿತ್ತು, ಆಗಲಿಲ್ಲ.

ಮಷಿನ್ ಬಿಚ್ಚಿದೆ. ಮೋಟಾರಿನ ಸುತ್ತ ಕೂದಲು, ಮಣ್ಣು, ದಾರದ ಎಳೆ, ಎಲ್ಲ ಮೆತ್ತಿಕೊಂಡು ಅಕ್ಕಿಯ ಹಿಟ್ಟಿನ ಕಡುಬಿನ ಹಾಗೆ ಉಬ್ಬಿತ್ತು. ಫಿಲ್ಟರಿನ ಜಾಗ ಖಾಲಿ.

"ಅವ್ವಾರ, ಫಿಲ್ಟರ್ ಎಲ್ಲಿ?"

ಯಜಮಾನತಿ ನಕ್ಕು, ಸೀರೆಯ ಸೆರಗಿಗೆ ಕೈ ಒರೆಸಿ, ಷೋಕೇಸಿನ ಕಡೆ ನಡೆದರು. ಅಲ್ಲಿ ಗಾಜಿನ ಹಿಂದೆ, ಬೆಳ್ಳಿ ಆರತಿ ತಟ್ಟೆ ಮತ್ತು ಮಗನ ಕಬಡ್ಡಿ ಕಪ್ಪಿನ ನಡುವೆ, ನಮ್ಮ ಫಿಲ್ಟರ್ ಬಿಳಿ ಕರವಸ್ತ್ರದ ಮೇಲೆ ಕೂತಿತ್ತು. ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೇ.

"ಮಷಿನ್ ಹಚ್ಚೂ ಮುಂದ ತಗದ ಇಡತೇನಿ. ಕೆಲಸ ಮುಗದ ಮ್ಯಾಲೆ ಒಂದೀಟು ಧೂಳಾ ಝಾಡಸತೇನಿ."

ನನಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. ಮೂರು ತಾಸು ಕೂತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೋಟಾರ್ ಕೆದರಿ ಕೆದರಿ ತೆಗೆದೆ. ದೇವರು ದೊಡ್ಡವನು, ಮೋಟಾರ್ ಪೂರ್ತಿ ಸುಟ್ಟಿರಲಿಲ್ಲ, ತಿರುಗಿತು. ಫಿಲ್ಟರ್ ಇರುವುದೇ ಹೊಲಸಾಗುವುದಕ್ಕೆ ಎಂದು ನಾನು ಹೇಳುತ್ತಿದ್ದರೆ ಆಕೆಗೆ ನನ್ನ ಮೇಲೆ ಬೇಸರವಾಯಿತು.

"ಹೋದ ಸಲ ನೀವ ಹೇಳಿದ್ರಿ, ಫಿಲ್ಟರ್ ಯಾವಾಗೂ ಸ್ವಚ್ಛ ಇರಬೇಕು ಅಂತ. ಒಂದ ದಿನಾನೂ ಹೊಲಸು ಆಗಗೊಟ್ಟಿಲ್ಲ ನೋಡ್ರಿ."

ನಮ್ಮ ಮನೆಯದು

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ದುಮ್ಮವಾಡದಿಂದ ಮನೆಗೆ ಬಂದರೆ ಅತ್ತೆ, "ನಿನ್ನ ಮಷಿನ್ ಎರಡ ತಿಂಗಳಾತು, ನೀರ ಜಗ್ಗವಲ್ದು" ಅಂದರು. ಅಂಗಡಿಯಿಂದ ನಮಗೂ ಒಂದು ತಂದಿದ್ದೆ. ಬಿಚ್ಚಿದೆ. ಒಳಗಿನದನ್ನು ವರ್ಣಿಸುವುದಿಲ್ಲ. ಅತ್ತೆ ಕಳೆದುಕೊಂಡಿದ್ದ ಕಿವಿಯೋಲೆಯ ತಿರುಪು ಸಿಕ್ಕಿತು ಎಂದರೆ ಸಾಕು.

ದಣಿದಿದ್ದೆ. ನಾಳೆ ತೊಳೆದರಾಯಿತು ಎಂದು ಅಲ್ಲೇ ಇಟ್ಟು ಚಹಾ ಕೇಳಿದೆ. ಒಳಗಿಂದ ಗಂಡ ಬಂದ. ಕೈಯಲ್ಲಿ ಕಪ್ಪು. ಕೊಡಲಿಲ್ಲ. "ತೊಳದ ಮ್ಯಾಲೆ" ಅಂದ.

ತೊಳೆದೆ. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವನು ಚಹಾ ಮಾಡಿದ್ದು ಅದೇ ಮೊದಲು. ಒಂದು ಗುಟುಕು ಕುಡಿದ ಮೇಲೆ, ಹೊಲಸು ನೀರಿನ ಡಬ್ಬಿಯಲ್ಲಿ ಇದ್ದದ್ದೇ ವಾಸಿ ಇರಬಹುದು ಅನ್ನಿಸಿತು.

ಸೀನು

ಯುಗಾದಿಗೆ ಇನ್ನೊಂದು ತಿಂಗಳು ಉಳಿದಿತ್ತು. ನಾಲ್ಕನೆಯ ಮಷಿನ್ ಬಂದಿರಲಿಲ್ಲ. ಆಗ ಕುಂದಗೋಳ ತಾಲೂಕಿನ ಒಂದು ಹಳ್ಳಿಯಿಂದ ರೈತರೊಬ್ಬರು ಫೋನ್ ಮಾಡಿದರು. ಭಾನುವಾರ ಅವರ ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಪಡಸಾಲೆಯ ದೊಡ್ಡ ಜಮಖಾನ ಹೊಲಸಾಗಿದೆ, ಮಷಿನ್ ಸತ್ತಿದೆ, ಸರಿ ಆಗದಿದ್ದರೆ ಸೋಮವಾರ ವಾಪಸ್ ತಂದು ಹಾಕುತ್ತೇನೆ ಎಂದರು.

ಶುಕ್ರವಾರ ಹೋದೆ. ಫಿಲ್ಟರ್ ತೊಳೆಸಿದೆ. ಚೀಲದಲ್ಲಿದ್ದ ಇನ್ನೊಂದು ಸ್ಪಂಜ್ ಹಾಕಿ ಜಮಖಾನವನ್ನು ನಾನೇ ನಿಂತು ಸ್ವಚ್ಛ ಮಾಡಿಸಿ, ನನ್ನ ಸ್ಪಂಜ್ ಬಿಚ್ಚಿಕೊಂಡೆ. ಅವರದನ್ನು ಹುಡುಗಿಯ ಅಜ್ಜಿಯ ಕೈಗೆ ಕೊಟ್ಟು, "ನೆರಳಿನ್ಯಾಗ, ಗಾಳಿ ಆಡೂ ಕಡೆ ಇಡ್ರಿ ಅಮ್ಮಾ. ಭಾನುವಾರ ಮುಂಜಾನೆ ನಾನ ಬಂದು ಹಾಕತೇನಿ" ಎಂದು ಮೂರು ಸಲ ಹೇಳಿದೆ. ಯಾರನ್ನೂ ನಂಬದ ಹಟ ನನ್ನದು.

ಭಾನುವಾರ ಹೋದಾಗ ಅಜ್ಜಿ ಒಣಗಿದ ಸ್ಪಂಜನ್ನು ಕೈಗಿಟ್ಟರು. ಆ ಮಾದರಿಯ ಮಷಿನಿನ ಸ್ಪಂಜಿನ ಬಣ್ಣವೇ ಕೆಂಪು, ಹಾಗಾಗಿ ನನಗೆ ಸಂಶಯ ಬರಲಿಲ್ಲ. ಹಾಕಿದೆ, ಮುಚ್ಚಳ ತಿರುವಿದೆ. ಅಷ್ಟರಲ್ಲಿ ಗಂಡಿನ ಕಡೆಯವರು ಬಂದೇಬಿಟ್ಟರು. ಹುಡುಗ, ಅವನ ಅಪ್ಪ, ಅಜ್ಜ, ಮತ್ತು ಅಜ್ಜನ ಮಗಳು. ಅಂದರೆ ಹುಡುಗನ ಸೋದರತ್ತೆ. ಆಕೆ ಹುಡುಗನ ಮನೆಯಲ್ಲೇ ಇರುವವರು. ಕೂತ ಕೂಡಲೇ ಜಂತಿಯ ಜೇಡರ ಬಲೆಯಿಂದ ಹಿಡಿದು ಎಲ್ಲ ನೋಡಿದರು. ಜಮಖಾನದಲ್ಲಿ ಮಾತ್ರ ಏನೂ ಸಿಗಲಿಲ್ಲ. ನನಗೆ ಹೆಮ್ಮೆಯಾಯಿತು.

ಹುಡುಗನಿಗೆ ಹೆದರಿಕೆ. ಅವಲಕ್ಕಿಯ ಜೊತೆ ಕೊಟ್ಟ ನೀರಿನ ತಂಬಿಗೆಯನ್ನು ಜಮಖಾನದ ನಟ್ಟನಡುವೆ ಕೆಡವಿದ. ಹುಡುಗಿಯ ಅಪ್ಪ ಎದೆ ಉಬ್ಬಿಸಿ, "ಚಿಂತಿ ಮಾಡಬ್ಯಾಡ್ರಿ, ಮಷಿನ್ ಐತಿ. ಬಾಯಾರ, ಹಚ್ಚರಿ" ಅಂದರು. ಆ ಹೊತ್ತಿಗೇ ಹುಡುಗಿ ಚಹಾದ ತಟ್ಟೆ ಹಿಡಿದು ಒಳಗಿನ ಹೊಸ್ತಿಲು ದಾಟಿದಳು. ನಾನು ಬಟನ್ ಒತ್ತಿದೆ.

ಮಷಿನಿನ ಗಾಳಿ ಹೊರಗೆ ಬರುವ ಬಾಯಿ ಅಜ್ಜನ ಕಡೆಗಿತ್ತು. ಅಜ್ಜ ಸೀನಿದರು. ಒಂದೇ ಸಲ.

ಒಳ್ಳೆಯ ಕೆಲಸದಲ್ಲಿ ಒಂಟಿ ಸೀನು ಬಿದ್ದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ, ಜೋಡಿ ಸೀನಾದರೆ ಶುಭ. ಸೋದರತ್ತೆ ಎದ್ದು ನಿಂತರು.

"ಒಂಟಿ ಸೀನು ಆತು. ಹುಡುಗಿ ಹೊಸ್ತಲಾ ದಾಟೂ ಹೊತ್ತಿನ್ಯಾಗ ಆತು. ಇನ್ನೇನ ನೋಡೂದೈತಿ, ಏಳ್ರಿ ಹೋಗೂಣು." ಅಂದವರೇ ತಾವೇ ಸೀನಿದರು.

"ಜೋಡಿ ಆತ್ರಿ, ಕೂಡ್ರಿ" ಅಂದರು ಹುಡುಗಿಯ ಅಪ್ಪ. ಸೋದರತ್ತೆ ಕೂತರು. ಹುಡುಗನ ಅಪ್ಪ ಸೀನಿದರು. ಸೋದರತ್ತೆ ಎದ್ದರು. ಹುಡುಗಿಯ ಅಜ್ಜಿ ಸೀನಿದರು.

"ನಾಕು ಆತ್ರಿ, ಕೂಡ್ರಿ."

"ಅದು ನಿಮ್ಮ ಕಡೆ ಸೀನು. ನಿಮ್ಮ ಸೀನು ನಮ್ಮ ಸೀನು ಕೂಡಸಾಕ ಬರೂದಿಲ್ಲ" ಎಂದು ಸೋದರತ್ತೆ ನಿಂತೇ ಇದ್ದರು.

ಅಷ್ಟೊತ್ತಿಗೆ ನನಗೂ ಮೂಗು, ಗಂಟಲು, ಕಣ್ಣು ಎಲ್ಲ ಉರಿಯತೊಡಗಿತ್ತು. ಇದು ಮೆಣಸಿನಕಾಯಿ ಎಂದು ತಿಳಿಯಿತು. ನೆರಳು ಬಿಟ್ಟು ಅಜ್ಜಿ ಸ್ಪಂಜನ್ನು ಮಾಳಿಗೆಯ ಮೇಲೆ, ಒಣಗಲು ಹರವಿದ್ದ ಕೆಂಪು ಮೆಣಸಿನಕಾಯಿಯ ರಾಶಿಯಲ್ಲಿ ಇಟ್ಟಿದ್ದರು. ಎರಡು ದಿನ ಮನೆಯವರು ಕಾಲಿನಿಂದ ಕಾಯಿ ಹೊರಳಿಸಿದಾಗ ಎದ್ದ ಪುಡಿಯೆಲ್ಲ ಹಸಿ ಸ್ಪಂಜಿಗೆ ಹತ್ತಿತ್ತು. ಮಷಿನ್ ಅದನ್ನೀಗ ಪಡಸಾಲೆಗೆ ಸಮನಾಗಿ ಹಂಚುತ್ತಿತ್ತು. ಕಣ್ಣು ಕಾಣದೆ ಆರಿಸಲು ಹೋಗಿ ಜೋರು ಮಾಡಿದೆ.

ಆಮೇಲೆ ಲೆಕ್ಕ ಇಡುವುದು ಯಾರಿಗೂ ಆಗಲಿಲ್ಲ. ಸೋದರತ್ತೆ ಮಾತ್ರ ಎದ್ದು ಕೂತು, ಎದ್ದು ಕೂತು ಲೆಕ್ಕ ಇಟ್ಟರು. ಕೊನೆಗೆ ನಾನು ವಾಯರನ್ನೇ ಕಿತ್ತೆ. ಎಲ್ಲರೂ ಕಣ್ಣೊರೆಸಿಕೊಂಡು ನೋಡುವಾಗ ಆಕೆ ಎದ್ದು ನಿಂತಿದ್ದರು, ಅಂದರೆ ಲೆಕ್ಕ ಒಂಟಿಯಲ್ಲೇ ನಿಂತಿತ್ತು. ಹುಡುಗಿಯ ಅಪ್ಪ ನನ್ನ ಕಡೆ ತಿರುಗಿದರು.

"ಬಾಯಾರ, ನಿಮಗ ಕೈ ಮುಗೀತೇನಿ. ನೀವು ಯಾರ ಕಡೀದವರೂ ಅಲ್ಲ, ಒಂದ ಸೀನ್ರಿ. ಇಲ್ಲಂದ್ರ ನಾಳೆ ನಿಮ್ಮ ಮಷಿನ್ ನಿಮ್ಮ ಅಂಗಡ್ಯಾಗ."

ಅಷ್ಟು ಹೊತ್ತು ತಡೆಯಿಲ್ಲದೆ ಸೀನಿದ ನನಗೆ ಆಗ ಒಂದೂ ಬರಲಿಲ್ಲ. ಕುಂಕುಮ ಇಟ್ಟ ಹಣೆ, ಮೂಗಿನ ತುದಿ, ಎಲ್ಲ ತಿಕ್ಕಿದೆ. ಬೆಳಕಿನ ಕಡೆ ನೋಡಿದೆ. ಇಲ್ಲ. ಒಂದು ಹುಡುಗಿಯ ಮದುವೆಯೂ ನನ್ನ ನೌಕರಿಯೂ ನನ್ನ ಮೂಗಿನಲ್ಲಿ ಸಿಕ್ಕಿಕೊಂಡಿದ್ದವು. ನಿಜವಾಗಿಯೂ ಅಳು ಬಂತು.

ಆಗ ಯಾರೋ, "ಚಾ ಆರತೈತ್ರಿ" ಅಂದರು. ಎಲ್ಲರೂ ತಿರುಗಿ ನೋಡಿದೆವು. ಹುಡುಗಿ ಹೊಸ್ತಿಲ ಬಳಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು. ಒಂದು ಸೀನಿಲ್ಲ, ಕಣ್ಣಲ್ಲಿ ಹನಿ ನೀರಿಲ್ಲ, ಕಪ್ಪಿನ ಕೆಳಗಿನ ಬಸಿಗೆ ಒಂದು ತೊಟ್ಟು ಚಹಾ ಚೆಲ್ಲಿಲ್ಲ. ಸಣ್ಣವಳಿದ್ದಾಗಿನಿಂದ ಮೆಣಸಿನಕಾಯಿಯ ರಾಶಿಯಲ್ಲಿ ಕೂತು ತೊಟ್ಟು ಬಿಡಿಸಿದವಳು.

ಹುಡುಗನ ಅಜ್ಜ ಟವೆಲಿನಿಂದ ಮೂಗು ಒರೆಸಿ ಅವಳನ್ನು ನೋಡಿದರು. ಆಮೇಲೆ, ಇನ್ನೂ ನಿಂತೇ ಇದ್ದ ತಮ್ಮ ಮಗಳನ್ನು ನೋಡಿದರು.

"ಈ ಖಾರ ತಡಕೊಂಡಾಕಿ ನನ್ನ ಮಗಳನ್ನೂ ತಡಕೋತಾಳ. ನಮಗ ಹುಡುಗಿ ಒಪ್ಪಿಗಿ."

ಸೋದರತ್ತೆ ಕೂತರು. ಸಕ್ಕರೆ ಹಂಚಿದರು. ಆ ಗದ್ದಲದಲ್ಲಿ ನಾನು ಫಿಲ್ಟರ್ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟು, ನನ್ನ ಸ್ಪಂಜನ್ನು ಮಷಿನಿಗೆ ಹಾಕಿ ಬಂದೆ. ಖಾರ ಹತ್ತಿದ ಫಿಲ್ಟರ್ ತೊಳೆಸದೆ ಅವತ್ತು ಚಹಾ ಕುಡಿದೆ, ಹಾಗೆ ಕುಡಿದು ಬಂದ ಮನೆ ಅದೊಂದೇ.

ಯುಗಾದಿ ಮುಗಿಯಿತು. ನಾಲ್ಕನೆಯ ಮಷಿನ್ ಬರಲಿಲ್ಲ. ಸಾವ್ಕಾರರು ನನ್ನನ್ನು ಹೊಗಳಲಿಲ್ಲ, "ಕೌಂಟರಿಗೆ ಬ್ಯಾರೆದಾಕಿನ್ನ ತಗೊಂಡೇನಿ" ಎಂದಷ್ಟೇ ಹೇಳಿದರು. ನನಗೆ ಅದಕ್ಕಿಂತ ದೊಡ್ಡ ಮಾತು ಬೇಕಾಗಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಆ ಮೆಣಸಿನಕಾಯಿ ಮನೆಗೇ ಹೋದೆ. ಬಾಕಿ ಉಳಿದ ಒಂದೇ ಫಿಲ್ಟರ್, ಅದನ್ನೂ ತೊಳೆಸಿದರೆ ನನ್ನ ಹಟ ಪೂರ್ತಿಯಾದ ಹಾಗೆ.

ಹುಡುಗಿಯ ಅಪ್ಪ ಉಪಚಾರ ಮಾಡಿದರು, ಹೋಳಿಗೆ ತರಿಸಿದರು. ಫಿಲ್ಟರ್ ಕೇಳಿದ್ದಕ್ಕೆ ಒಳಗಿಂದ ಒಂದು ಸ್ಟೀಲ್ ಡಬ್ಬಿ ತಂದರು. ಬಿಗಿಯಾಗಿ ಮುಚ್ಚಳ ಹಾಕಿತ್ತು. ನಾನು ಕೈ ಚಾಚಿದೆ. ಅವರು ಮುಚ್ಚಳದ ಮೇಲೆ ತಮ್ಮ ಕೈ ಇಟ್ಟುಕೊಂಡರು.

"ಇದೊಂದು ತೊಳೀಬ್ಯಾಡ್ರಿ ಬಾಯಾರ. ಸಣ್ಣ ಮಗಳದು ಇನ್ನೂ ಆಗಬೇಕು."